ಸಂಕಲ್ಪವಾಯ್ತು, ಪೂಜೆ ಯಾವಾಗ?

ಈ ಸಲದ ರಾಜ್ಯ ಬಜೆಟ್ಟನ್ನು ನಮ್ಮ ಮನೆಯಲ್ಲಿ ಊದುಬತ್ತಿ ಹಚ್ಚಿ ನೋಡಿದೆವು. ನಗಬೇಡಿ. ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಕ್ರಿಕೆಟ್ ಫೈನಲ್‌ಗೂ ಯಾರೂ ಇಷ್ಟು ಭಕ್ತಿ ತೋರಿಸಿದ್ದಿಲ್ಲ.

ಹಚ್ಚಿದವರು ನಮ್ಮತ್ತೆ, ಧಾರವಾಡದವರು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಕಾದ ಹಂಚು ಕಾಣದೆ ಕೈ ಸುಟ್ಟುಕೊಂಡ ಮೇಲೆ ನಾನು ಅವರನ್ನು ಒಲೆಯ ಹತ್ತಿರ ಬಿಡುತ್ತಿಲ್ಲ. (ನನ್ನ ಕೈಯ ರೊಟ್ಟಿ ತಿನ್ನುವುದು ಅವರಿಗೆ ಪೊರೆಗಿಂತ ದೊಡ್ಡ ಸಂಕಟ.) ಖಾಸಗಿ ಆಸ್ಪತ್ರೆ ನಮ್ಮ ಕೈಗೆಟುಕುವುದಲ್ಲ. ಸರ್ಕಾರಿ ಆಸ್ಪತ್ರೆಗೆ ಹೋದರೆ ಆಪರೇಷನ್ ಮಷೀನು ಕೆಟ್ಟು ಕೂತಿದೆ. ಬಜೆಟ್ ಬರಲಿ, ನೋಡೋಣ ಅಂದರು ಡಾಕ್ಟರು.

ಸರಿ, ಟಿವಿ ಮುಂದೆ ಕೂತೆವು. ಇಲ್ಲಿಯ ಸರ್ಕಾರದ ಮರಾಠಿಯಲ್ಲಿ ಬಜೆಟ್ಟಿಗೆ 'ಅರ್ಥಸಂಕಲ್ಪ' ಅನ್ನುತ್ತಾರೆ. ಅತ್ತೆಯ ಕಿವಿಗೆ ಬಿದ್ದದ್ದು ಸಂಕಲ್ಪ ಮಾತ್ರ. ಅಂದರೆ ಅಕ್ಷತೆ ಹಿಡಿದು, ನೀರು ಬಿಟ್ಟು, ಇಂಥ ಪೂಜೆ ಮಾಡುತ್ತೇನೆಂದು ದೇವರಿಗೆ ಮಾತು ಕೊಡುವುದು. ಮಂತ್ರಿಗಳು ಓದಿದರು, ಆಸ್ಪತ್ರೆಗಳ ಹೆಸರೂ ಬಂತು, ಸುತ್ತಲಿನವರು ಮೇಜು ಕುಟ್ಟಿದರು. ಅತ್ತೆ ಕೈಮುಗಿದು ಕೇಳಿದರು: "ಸಂಕಲ್ಪ ಆತು. ಪೂಜಾ ಯಾವಾಗಂತ?"

ನನ್ನ ಮಗಳು (ಕನ್ನಡ ಅರ್ಧ, ಹಿಂದಿ ಅರ್ಧ, ಫೋನು ಪೂರ್ತಿ) ಅಜ್ಜಿಗೆ ತಿಳಿಹೇಳಲು ಹೋಗಿ, ಸ್ಯಾಂಕ್ಷನ್, ರಿಲೀಸ್ ಅಂತೆಲ್ಲ ತೊದಲಿ ಮತ್ತೆ ಫೋನಿಗೆ ಮರಳಿದಳು. ನಾನೂ ಪೇಪರು ಹರವಿಕೊಂಡು ಕೂತೆ. ಮೊದಲು ಅಂದಾಜಂತೆ, ಆಮೇಲೆ ಪರಿಷ್ಕೃತ ಅಂದಾಜಂತೆ, ನಿಜವಾದ ಖರ್ಚು ತಿಳಿಯುವುದು ಇನ್ನೂ ಎಷ್ಟೋ ದಿನಕ್ಕಂತೆ! ನಮ್ಮನೆ ಗಂಡಸರು ಹೊಸ ವರ್ಷಕ್ಕೆ ವಾಕಿಂಗ್ ಶುರುಮಾಡುವುದೂ ಹೀಗೆಯೇ ಅಲ್ಲವೇ? ಬಜೆಟ್ಟೆಂದರೆ ಬರೀ ಸಂಕಲ್ಪ, ಅತ್ತೆ ಹಿಡಿದ ಅರ್ಥವೇ ಸರಿ ಅನ್ನಿಸಿತು.

ಇನ್ನು ದುಡ್ಡು ಬಂದರೂ ಮೊದಲು ಯಾವುದಕ್ಕೆ? ಅಡುಗೆಮನೆ ಸೋರುತ್ತಿರುವಾಗ ಹಾಲ್‌ಗೆ ಹೊಸ ಕರ್ಟನ್ ತರುವ ಸೊಸೆಯನ್ನು ಊರೆಲ್ಲ ಆಡಿಕೊಳ್ಳುತ್ತದೆ. ಸರ್ಕಾರ ಅದನ್ನೇ ಮಾಡಿದರೆ 'ಸುಶೋಭೀಕರಣ' ಅಂತ ಬೋರ್ಡು ಹಾಕಿ ರಿಬ್ಬನ್ ಕತ್ತರಿಸುತ್ತದೆ. ನನಗೆ ಮೈ ಉರಿಯುವುದು ಇದಕ್ಕೇ.

ಮೊನ್ನೆ ಬೆಳಿಗ್ಗೆ ಅತ್ತೆಯನ್ನು ಮತ್ತೆ ಆ ಆಸ್ಪತ್ರೆಗೆ ಕರೆದೊಯ್ದೆ. ಮಷೀನು ಹಾಗೇ ಇದೆ, ಪ್ರಸ್ತಾವ ಮೇಲೆ ಹೋಗಿದೆಯಂತೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು.

ಹೊರಬಂದರೆ ಗೇಟಿಗೆ ಹೊಸ ಕಮಾನು. ಅದರ ತುಂಬ ಬಣ್ಣದ ಲೈಟುಗಳು, ಹಾಡಹಗಲೇ ಉರಿಯುತ್ತಿವೆ. ಅತ್ತೆ ನಿಂತು, ಅದೇನು ಮಿಣಮಿಣ ಅಂತದ ಎಂದು ಕೇಳಿದರು. ಆಸ್ಪತ್ರೆ ಚಂದ ಕಾಣಲಿ ಅಂತ ಲೈಟಿಂಗ್ ಮಾಡಿಸಿದ್ದಾರೆ ಅಂದೆ.

ಒಳಗೆ ಕಣ್ಣಿನ ವಿಭಾಗದ ಸಾಲಿನಲ್ಲಿ ಕಾದು ಕೂತವರ ಕಡೆ ಮುಖ ತಿರುಗಿಸಿ ಅತ್ತೆ ಮೆಲ್ಲಗೆ ಕೇಳಿದರು: "ಯಾರಿಗೆ ಕಾಣ್ಲಿ ಅಂತ?"