ಮಂಗನನ್ನು ಆರಿಸಿಕೊಂಡ ವೈಕಿಟ್

ಹಾಂಗ್‌ಕಾಂಗಿನ ಶಾಮ್ ಶುಯಿ ಪೋದಲ್ಲಿ, ಬಟ್ಟೆ ಅಂಗಡಿಗಳ ಬೀದಿಯೊಂದರಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಸಂದಿಯೇ ವೈಕಿಟ್‌ಳ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಮೊಳೆಗೆ ನೇತುಹಾಕಿದ ಗಿರಾಕಿಗಳ ಪ್ಯಾಂಟುಗಳು. ಹದಿಹರೆಯದಲ್ಲಿ ಆ ಯಂತ್ರದ ಮುಂದೆ ಕೂತವಳಿಗೆ ಈಗ ನಲವತ್ತಾರು. ಬೆನ್ನು ಕೊಡೆಯ ಹಿಡಿಯಂತೆ ಬಾಗಿತ್ತು. ಬಾಯಿ ಮಾತ್ರ ಬಾಗಿರಲಿಲ್ಲ. ಗಿರಾಕಿಗಳ ನಡಿಗೆ, ಕೆಮ್ಮು, ಚೌಕಾಸಿ ಎಲ್ಲವನ್ನೂ ಅವರು ಆ ಕಡೆ ತಿರುಗಿದ ಕೂಡಲೇ ಅಣಕಿಸಿ ತೋರಿಸಿ ಅಕ್ಕಪಕ್ಕದ ಅಂಗಡಿಯವರನ್ನು ನಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಬೆನ್ನು ಹಿಡಿದುಕೊಂಡು ಅವಳಿಗೆ ಹಾಸಿಗೆಯಿಂದ ಏಳಲೇ ಆಗಲಿಲ್ಲ. ಗಂಡ ಗಾಮ್‌ಶೆಕ್ ಅವಳನ್ನು ಕೈಹಿಡಿದು ಕ್ವೋಕ್ ಗುರುಗಳ ಹತ್ತಿರ ಕರೆದೊಯ್ದ. ಕ್ವೋಕ್ ಒಂದು ಕಟ್ಟಡದ ಕೆಳಗಿನ ಕೋಣೆಯಲ್ಲಿ ಉಳುಕು ತೆಗೆದು ಮೂಳೆ ಕೂರಿಸುವವರು, ಸಂಜೆ ಅದೇ ಕಟ್ಟಡದ ಛಾವಣಿಯ ಮೇಲೆ ಕುಂಗ್ ಫು ಕಲಿಸುವವರು. ಚಹಾ ಮಂದಿರದಲ್ಲಿ ಮಾಣಿಯಾಗಿದ್ದ ಗಾಮ್‌ಶೆಕ್ ಮದುವೆಗೆ ಮುಂಚಿನಿಂದಲೂ ಅವರ ಶಿಷ್ಯ. ಗುರುಗಳ ಮಾತೆಂದರೆ ಅವನಿಗೆ ದೇವರ ಮಾತು.

ಕ್ವೋಕ್ ಎಣ್ಣೆ ಹಚ್ಚಿ ನೀವಿ, "ಎಣ್ಣೆ ಗುಣ ಎರಡು ದಿನ ಇರತ್ತೆ ಅಷ್ಟೇ. ಮೇಲೆ ಬಂದು ಕಲಿ, ತಾಯಿ. ಹುಲಿನಾದ್ರೂ ಆಗು, ಕೊಕ್ಕರೆನಾದ್ರೂ ಆಗು," ಎಂದರು.

ಕುಂಗ್ ಫುವಿನಲ್ಲಿ ಒಂದೊಂದು ಪ್ರಾಣಿಯ ಹೆಸರಿನಲ್ಲೂ ಒಂದೊಂದು ವರಸೆ; ಅವರ ಛಾವಣಿಯಲ್ಲಿದ್ದದ್ದು ಆ ಎರಡೇ ಪ್ರಾಣಿಗಳು. ಮೊದಲು ಕೊಕ್ಕರೆಯನ್ನು ನೋಡೋಣವೆಂದರು. ಒಂದು ಕಾಲೆತ್ತಿ, ಎರಡು ಕೈಗಳನ್ನು ರೆಕ್ಕೆಯಂತೆ ಚಾಚಿದ ವೈಕಿಟ್ ಸೀದಾ ಹೋಗಿ ಯಾರದೋ ಒಣಹಾಕಿದ ಬೆಡ್‌ಶೀಟಿನೊಳಗೆ ಬಿದ್ದಳು. ಹುಲಿಯ ಸರದಿ ಬಂದಾಗ ಕ್ವೋಕ್ ಅವಳ ಬೆರಳುಗಳನ್ನು ಒತ್ತಿ ನೋಡಿದರು. ವರ್ಷಗಟ್ಟಲೆ ದಪ್ಪ ಬಟ್ಟೆ ಕತ್ತರಿಸಿದ ಬೆರಳುಗಳು.

"ಎಂಥಾ ಪಂಜ ಕಣೋ ಇದು! ಗಾಮ್‌ಶೆಕ್, ನಿನ್ನ ಹೆಂಡ್ತಿ ಹುಟ್ಟಾ ಹುಲಿ!"

"ಅದು ನಂಗೆ ಮದುವೆಯಾದ ದಿನದಿಂದ ಗೊತ್ತು, ಗುರುಗಳೇ," ಎಂದ ಗಾಮ್‌ಶೆಕ್. ಶಿಷ್ಯರೆಲ್ಲ ಗೊಳ್ಳೆಂದರು. ಅವನಿಗಂತೂ ಹಿಗ್ಗೋ ಹಿಗ್ಗು.

ಆದರೆ ಹುಲಿಗೆ ಪಂಜವೊಂದಿದ್ದರೆ ಸಾಲದು. ಎದೆ ಸೆಟೆಸಬೇಕು, ಕಣ್ಣು ಕೆಕ್ಕರಿಸಬೇಕು. ಕೆಕ್ಕರಿಸಿದ ಕೂಡಲೇ ವೈಕಿಟ್‌ಗೆ ನಗು ಉಕ್ಕುತ್ತಿತ್ತು. ತುಟಿ ಕಚ್ಚಿಕೊಂಡು ಮುಖ ತಿರುಗಿಸಿದಾಗಲೇ ಅವಳಿಗೆ ಪಕ್ಕದ ಕಟ್ಟಡದ ಛಾವಣಿ ಕಂಡದ್ದು. ಅಲ್ಲೊಬ್ಬ ಬಡಕಲು ಮುದುಕ ನೀರಿನ ತೊಟ್ಟಿಯ ಮೇಲಿಂದ ಉರುಳಿ ಇಳಿದ, ಕಿವಿ ಕೆರೆದುಕೊಂಡ, ಎದುರಿಗಿದ್ದ ಶಿಷ್ಯನ ಹೊಡೆತ ತಪ್ಪಿಸಿ ಅವನ ಜೇಬಿನಿಂದ ಕಿತ್ತಳೆ ಹಣ್ಣು ಹಾರಿಸಿ ಅಲ್ಲೇ ಸುಲಿಯತೊಡಗಿದ. ವೈಕಿಟ್ ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲದ ಮೇಲೆ ಕೂತುಬಿಟ್ಟಳು.

ಆ ಮುದುಕ ಗೆಂಗ್, ಉತ್ತರದ ಕಡೆಯವನು. ಅವನು ಕಲಿಸುತ್ತಿದ್ದದ್ದು ಮಂಗನ ವರಸೆ. ಶಿಷ್ಯರು ಇಬ್ಬರೇ. ಮಾರನೇ ದಿನ ವೈಕಿಟ್ ಅಲ್ಲಿಗೇ ಹತ್ತಿಹೋದಳು. ಗೆಂಗ್ ಅವಳ ಸುತ್ತ ಒಂದು ಸುತ್ತು ಬಂದ.

"ಬೆನ್ನು ಬಗ್ಗಿಸ್ರೋ ಅಂತ ಈ ಕತ್ತೆಗಳಿಗೆ ಬಡ್ಕೊಂಡು ಬಡ್ಕೊಂಡು ನನ್ನ ಗಂಟಲು ಹೋಯ್ತು. ನೀನು ಬಗ್ಗಿಸ್ಕೊಂಡೇ ಬಂದಿದೀಯಲ್ಲಮ್ಮಾ!"

ಬೆನ್ನಿನ ಬಗ್ಗೆ ಅವಳಿಗೆ ಅಂಥ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ.

ಮನೆಯಲ್ಲಿ ಗಾಮ್‌ಶೆಕ್ ಅನ್ನದ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದ. "ಹುಲಿಯಂಥಾ ಹುಲಿ ಕೊಟ್ರೆ ಬಿಟ್ಟು ಮಂಗ ಆಗ್ತೀನಿ ಅಂತೀಯಲ್ಲೇ! ಗುರುಗಳಿಗೆ ನಾನು ಯಾವ ಮುಖ ತೋರಿಸ್ಲಿ?"

"ಇರೋದೇ ಒಂದು. ಅದನ್ನೇ ತೋರಿಸಿ."

ಗಾಮ್‌ಶೆಕ್ ಪೆಚ್ಚಾಗಿ ಓಡಾಡುವುದನ್ನು ನೋಡಲಾರದೆ ವೈಕಿಟ್ ತಾನೇ ಒಳ್ಳೆಯ ಚಹಾ ಕುದಿಸಿಕೊಂಡು ಕ್ವೋಕ್ ಗುರುಗಳ ಮುಂದೆ ಹೋಗಿ ನಿಂತಳು.

"ತಪ್ಪು ತಿಳ್ಕೋಬೇಡಿ, ಗುರುಗಳೇ. ಹುಲಿ ಆದ್ರೆ ನಂಗೆ ನಗು ಬರತ್ತೆ. ಮಂಗ ಆದ್ರೆ ನೋಡೋರಿಗೆ ನಗು ಬರತ್ತೆ. ಅದೇ ವಾಸಿ ಅಲ್ವಾ?"

ಕ್ವೋಕ್ ಚಹಾದ ಬಟ್ಟಲನ್ನು ಎತ್ತಿಕೊಂಡು ಕುಡಿದರು. "ಆ ಗೆಂಗ್ ಸರಿಯಾಗಿ ಕಲಿಸದೇ ಇದ್ರೆ ಬಂದು ಹೇಳು. ಅವನನ್ನ ನಾನು ವಿಚಾರಿಸ್ಕೋತೀನಿ."

ಮುಂದಿನ ಬೇಸಿಗೆಯಲ್ಲಿ, ಗರಡಿಯವರೆಲ್ಲ ಪೂಜಿಸುವ ಕ್ವಾನ್ ದೇವರ ಹುಟ್ಟುಹಬ್ಬ ಬಂತು. ಆ ದಿನ ಬೀದಿಯ ಗರಡಿಗಳವರೆಲ್ಲ ಒಟ್ಟಿಗೆ ಊಟ ಮಾಡಿ ತಮ್ಮ ತಮ್ಮ ವರಸೆ ತೋರಿಸುವುದು ರೂಢಿ. ಊಟ ಗಾಮ್‌ಶೆಕ್‌ನ ಚಹಾ ಮಂದಿರದಲ್ಲೇ. ಅವನು ಸೂಪಿನ ತಟ್ಟೆ ಹೊತ್ತು ಮೇಜುಗಳ ನಡುವೆ ಓಡಾಡುತ್ತಿದ್ದಾಗ ಗೆಂಗ್‌ನ ಕಡೆಯಿಂದ ಬಂದವಳು ವೈಕಿಟ್. ಬಾಗಿದ ಬೆನ್ನಿನಲ್ಲೇ ಬಂದಳು, ನೋವು ಮಾತ್ರ ಎಂದೋ ಬಿಟ್ಟುಹೋಗಿತ್ತು. ಕತ್ತು ಕೊಂಕಿಸಿದಳು, ಮೂಗು ಕೆರೆದುಕೊಂಡಳು, ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಜಿಗಿದಳು. ಜಿಗಿದವಳೇ ಕ್ವೋಕ್ ಗುರುಗಳ ತಟ್ಟೆಯಿಂದ ಲೋಂಗನ್ ಹಣ್ಣಿನ ಗೊಂಚಲನ್ನು ಕಿತ್ತುಕೊಂಡಳು.

ಇಡೀ ಹಾಲ್ ಉಸಿರು ಬಿಗಿಹಿಡಿಯಿತು. ಗಾಮ್‌ಶೆಕ್ ಕಣ್ಣು ಮುಚ್ಚಿಕೊಂಡ.

ಕ್ವೋಕ್ ನಿಧಾನವಾಗಿ ಎದ್ದರು, ಎರಡೂ ಪಂಜ ಎತ್ತಿದರು, ಗೋಡೆ ಅದುರುವಂತೆ ಘರ್ಜಿಸಿದರು. ಮಂಗ ಕಿಚಕ್ ಎಂದು ಮೇಜಿನ ಕೆಳಗೆ ನುಗ್ಗಿತು. ಹುಲಿ ಈ ಕಡೆ ಪಂಜ ಹಾಕಿದರೆ ಮಂಗ ಆ ಕಡೆ, ಆ ಕಡೆ ಹಾಕಿದರೆ ಈ ಕಡೆ. ಕೊನೆಗೆ ಗಾಮ್‌ಶೆಕ್‌ನ ಎರಡು ಕಾಲುಗಳ ನಡುವೆಯೇ ತೂರಿ ಹೊರಬಂದು ಅವನ ಬಾಯಿಗೊಂದು ಹಣ್ಣು ತುರುಕಿತು. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಕ್ವೋಕ್ ಕುರ್ಚಿಗೆ ಒರಗಿ ಕಣ್ಣೊರೆಸಿಕೊಂಡರು. ಗಾಮ್‌ಶೆಕ್ ಸೂಪಿನ ತಟ್ಟೆಯನ್ನು ಅಲುಗದಂತೆ ಹಿಡಿದು, ಬಾಯಲ್ಲಿ ಹಣ್ಣಿಟ್ಟುಕೊಂಡೇ, ಗುರುತಿಲ್ಲದವರ ಮೇಜಿಗೆಲ್ಲ ಹೋಗಿ, "ನನ್ನ ಹೆಂಡ್ತಿ! ಅವಳು ನನ್ನ ಹೆಂಡ್ತಿ!" ಎಂದ.

ಚಳಿಗಾಲದ ಹೊತ್ತಿಗೆ ಬಟ್ಟೆ ಬೀದಿಯ ಹೆಂಗಸರು ಒಬ್ಬರ ಹಿಂದೊಬ್ಬರು ಗೆಂಗ್‌ನ ಛಾವಣಿ ಹತ್ತಿದರು. ಝಿಪ್ ಮಾರುವವಳು, ಗುಂಡಿ ಅಂಗಡಿಯವಳು, ಅವಳ ನಾದಿನಿ. ಕಾಲಿಡಲು ಜಾಗವಿಲ್ಲವೆಂದು ಗೆಂಗ್ ದಿನಾ ಗೊಣಗುತ್ತಿದ್ದ. ಗಾಮ್‌ಶೆಕ್ ಹುಲಿಯನ್ನು ಬಿಡಲಿಲ್ಲ. ಆದರೆ ರಜೆಯ ದಿನ ಬಿಸಿ ಬನ್ನುಗಳ ಪೊಟ್ಟಣ ಹಿಡಿದು ನೀರಿನ ತೊಟ್ಟಿಯ ಪಕ್ಕ ಬಂದು ಕೂರುತ್ತಿದ್ದ. ಸುತ್ತಲೂ ಅಷ್ಟೊಂದು ಮಂಗಗಳಿರುವಾಗ, ಪಾಠ ಮುಗಿಯುವವರೆಗೆ ಆ ಪೊಟ್ಟಣವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಿರಬೇಕಾಗುತ್ತಿತ್ತು.