ಮನೋಳಿ ಪಾಠಕ್ಕೆ ಎಷ್ಟನೇ ಮಟ್ಟ

ಲಾಯಿಲದಲ್ಲಿ ನನ್ನದೊಂದು ಟಯರ್ ಪಂಕ್ಚರ್ ಅಂಗಡಿ. ಮಗಳು ನಮ್ಮ ಕಡೆಯ ಒಂದು ಖಾಸಗಿ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ. ಹೋದ ವರ್ಷ ಆ ಶಾಲೆಯವರು ನನ್ನನ್ನು ಪೋಷಕರ ಪ್ರತಿನಿಧಿ ಮಾಡಿ, ಶಿಕ್ಷಕರ ಮೌಲ್ಯಮಾಪನಕ್ಕೆ ಕೂರಬೇಕು ಎಂದರು. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದೇ ಮೂವತ್ತು ದಾಟಿದ ಮೇಲೆ. ಟೀಚರುಗಳಿಗೆ ಮಾರ್ಕು ಕೊಡುವ ಜನ ನಾನಲ್ಲ ಎಂದು ಹೇಳಿದೆ. ಹೆಡ್‌ಮಾಸ್ಟರು ನಕ್ಕು, ಇದು ಮಾರ್ಕಲ್ಲ, ಮಟ್ಟ ಎಂದರು.

ಅವರು ಕೊಟ್ಟ ಹಾಳೆಗೆ ರೂಬ್ರಿಕ್ ಎಂದು ಹೆಸರು. ಎಡಗಡೆ ಮಾನದಂಡಗಳು: ಬೋಧನೆಯ ಭಾಷೆ, ಮಕ್ಕಳ ಭಾಗವಹಿಸುವಿಕೆ, ಶಿಕ್ಷಕರ ಮತ್ತು ಮಕ್ಕಳ ಸಂಬಂಧ, ಹೀಗೆ. ಪಕ್ಕದಲ್ಲಿ ನಾಲ್ಕು ಚೌಕ. ಒಂದನೇ ಮಟ್ಟವಾದರೆ ತರಗತಿ ಹೇಗಿರುತ್ತದೆ, ನಾಲ್ಕನೆಯದಾದರೆ ಹೇಗಿರುತ್ತದೆ ಎಂದು ಪ್ರತಿ ಚೌಕದಲ್ಲೂ ಬರೆದಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲೇ ಕೂತು ನಿಧಾನಕ್ಕೆ ಓದಿದೆ. ಓದುತ್ತಾ ಆ ಹಾಳೆಯ ಮೇಲೆ ಗೌರವ ಬಂತು. ಮೊದಲೆಲ್ಲ ಯಾವ ಟೀಚರು ಉಳಿಯಬೇಕು, ಯಾರು ಹೋಗಬೇಕು ಎಂಬುದು ಶಾಲೆ ನಡೆಸುವ ಸಂಚಾಲಕರ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಈಗ ಒಳ್ಳೆಯ ಪಾಠ ಎಂದರೆ ಏನೆಂದು ಯಾರೋ ಕೂತು ಯೋಚಿಸಿ ಬರೆದಿದ್ದಾರಲ್ಲ. ಮೇಲ್ಗಡೆ ದಪ್ಪಕ್ಷರದಲ್ಲಿ ಒಂದು ಸೂಚನೆಯೂ ಇತ್ತು: ತರಗತಿಯಲ್ಲಿ ನಡೆದದ್ದನ್ನು ಮಾತ್ರ ಪರಿಗಣಿಸಿರಿ.

ನಾವು ಮೊದಲು ನೋಡಬೇಕಾದದ್ದು ಒಂದನೇ ತರಗತಿ. ಅಲ್ಲಿನ ಟೀಚರು ಅಳದಂಗಡಿ ಕಡೆಯವರು, ಸ್ಕೂಟರಿನಲ್ಲಿ ಬರುತ್ತಾರೆ. ಕೆಲಸ ಖಾಯಂ ಅಲ್ಲ, ಪ್ರತಿ ಜೂನ್‌ನಲ್ಲಿ ಮುಂದುವರಿಸಬೇಕು. ಎಲ್ಲ ಸಾಲುಗಳ ಸರಾಸರಿಯಲ್ಲಿ ಎರಡನೇ ಮಟ್ಟಕ್ಕಿಂತ ಕೆಳಗೆ ಬಂದವರನ್ನು ಈ ಸಲ ಮುಂದುವರಿಸುವುದಿಲ್ಲ ಎಂದು ಆಡಳಿತ ಮಂಡಳಿ ಹೇಳಿತ್ತು. ಅದು ಅವರಿಗೂ ಗೊತ್ತಿತ್ತು. ನನ್ನ ಮಗಳು ಅಕ್ಷರ ಕಲಿತದ್ದು ಅವರ ಕೈಯಲ್ಲೇ. ಆ ವರ್ಷ ಮಗಳು ಮನೆಯಲ್ಲಿ ಟೀಚರ್ ಆಟ ಆಡುತ್ತಿದ್ದಳು. ಪಾತ್ರೆ, ಚಮಚ, ಚಾಪೆ ಎಲ್ಲವಕ್ಕೂ ಮೊದಲು ತುಳುವಿನ ಹೆಸರು ಹೇಳಿ, ಆಮೇಲೆ ಕನ್ನಡದ್ದು ಹೇಳಿ, ನಮ್ಮಿಂದ ಹೇಳಿಸುತ್ತಿದ್ದಳು.

ಬೆಳಿಗ್ಗೆ ಹೆಡ್‌ಮಾಸ್ಟರು, ನಾನು, ಮತ್ತೆ ಮೂಡುಬಿದಿರೆಯ ಶಿಕ್ಷಕರ ತರಬೇತಿ ಸಂಸ್ಥೆಯಿಂದ ಬಂದ ಯುವಕ ಹಿಂದಿನ ಬೆಂಚಿನಲ್ಲಿ ಕೂತೆವು. ಆ ಯುವಕ ಘಟ್ಟದ ಮೇಲಿನವರು, ತುಳು ಬರುವುದಿಲ್ಲ. ಟೀಚರು ಚೀಲದಿಂದ ತರಕಾರಿ ತೆಗೆದು ಮೇಜಿನ ಮೇಲಿಟ್ಟರು. ಒಂದು ತೊಂಡೆಕಾಯಿ ಎತ್ತಿ ಹಿಡಿದು, ಇದು ಏನು ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದರು. ಮಕ್ಕಳು ಸುಮ್ಮನೆ ನೋಡಿದರು. ತುಳುವಿನಲ್ಲಿ ಅದಕ್ಕೆ ಮನೋಳಿ ಎನ್ನುತ್ತೇವೆ. ಅಲ್ಲಿದ್ದ ಎಲ್ಲ ಮಕ್ಕಳ ಬಾಯಲ್ಲೂ ಆ ಹೆಸರು ಇತ್ತು, ಹೊರಗೆ ಬರಲಿಲ್ಲ. ಭಾಷೆಯ ನಾಲ್ಕನೇ ಚೌಕದಲ್ಲಿ, ಶಿಕ್ಷಕರು ಅವಧಿಯುದ್ದಕ್ಕೂ ಕನ್ನಡವನ್ನೇ ಬಳಸುತ್ತಾರೆ ಎಂದು ಬರೆದಿತ್ತು. ಟೀಚರು ಅದನ್ನು ಓದಿಕೊಂಡು ಬಂದಿದ್ದರು. ಸೌತೆ ಎತ್ತಿದರು, ಕುಂಬಳ ಎತ್ತಿದರು. ಅವರ ಸ್ವರ ಗಟ್ಟಿಯಾಗುತ್ತಾ ಹೋಯಿತು, ತರಗತಿ ಇನ್ನಷ್ಟು ತಣ್ಣಗಾಯಿತು.

ಆಗ ಮುಂದಿನ ಸಾಲಿನ ಒಂದು ಹುಡುಗಿ ಎದ್ದು ನಿಂತು ಕೇಳಿದಳು, "ಟೀಚರ್, ಇನಿ ದಾಯೆಗ್ ಕೋಪ?"

ಇವತ್ತು ಯಾಕೆ ಕೋಪ ಎಂದು. ಟೀಚರು ಕೈಯಲ್ಲಿದ್ದ ಕುಂಬಳವನ್ನು ಮೇಜಿನ ಮೇಲಿಟ್ಟರು. ಕೋಪ ಇಲ್ಲ, ಕುಳಿತುಕೋ ಎಂದು ಕನ್ನಡದಲ್ಲೇ ಹೇಳಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಹೆಡ್‌ಮಾಸ್ಟರ ಕೋಣೆಯಲ್ಲಿ ಸಾಲು ಸಾಲಾಗಿ ನೋಡಿದೆವು. ಭಾಷೆಗೆ ನಾಲ್ಕು. ಭಾಗವಹಿಸುವಿಕೆಗೆ ಒಂದು. ಅದಕ್ಕೆ ನನಗೂ ಇಲ್ಲ ಎನ್ನಲಾಗಲಿಲ್ಲ. ಬೇರೆ ದಿನ ಇವರ ತರಗತಿ ಹೀಗಿಲ್ಲ ಎಂದು ನಾಲಿಗೆಯ ತುದಿಗೆ ಬಂತು, ಆದರೆ ದಪ್ಪಕ್ಷರದ ಸೂಚನೆ ಕಣ್ಣೆದುರೇ ಇತ್ತು. ಉಳಿದ ಸಾಲುಗಳಲ್ಲೂ ಹೆಚ್ಚಿನ ಕಡೆ ಒಂದೇ ಬಂದಿತ್ತು. ಸಂಬಂಧದ ಸಾಲಿಗೆ ಬಂದಾಗ ಯುವಕ ಪೆನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಆ ಹುಡುಗಿ ಏನಂದ್ಲು ಸಾರ್?"

ಹೇಳಿದೆ. ಹೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

"ನಾನು ಮಾಣಿಯ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಹೋದದ್ದು ಸಾರ್. ಮನೆಯಲ್ಲಿ ಬ್ಯಾರಿ ಭಾಷೆ, ಹೊರಗೆ ತುಳು. ಮಾಷ್ಟ್ರು ಕನ್ನಡ ಮಾತಾಡಿದ್ರೆ ಬೈತಾ ಇದ್ದಾರೆ ಅಂತಲೇ ನನಗೆ. ಕೋಪವಾ ಅಂತ ಕೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಮೂರನೇ ಕ್ಲಾಸಿಗೆ ಬಿಟ್ಟೆ. ಈ ಮಗು ನಮ್ಮ ಮೂರು ಜನರ ಎದುರಿಗೇ ಕೇಳಿತು. ಅದೂ ತರಗತಿಯಲ್ಲಿ ನಡೆದದ್ದೇ ಅಲ್ವಾ?"

ಯುವಕ ಆ ಸಾಲಿನ ನಾಲ್ಕನೇ ಚೌಕವನ್ನು ಓದಿದರು. ಮಕ್ಕಳು ಹೆದರದೆ ಪ್ರಶ್ನೆ ಕೇಳುತ್ತಾರೆ ಎಂದಿತ್ತು. ನಾಲ್ಕು ಬರೆದರು. ಕೂಡಿಸಿ ಸರಾಸರಿ ತೆಗೆದರು. ಆದರೂ ಎರಡಕ್ಕೆ ಮುಟ್ಟಲಿಲ್ಲ. ಹಾಳೆಯ ಹಿಂಬದಿಯ ನಿಯಮ ನೋಡಿ, ಎರಡನೇ ಭೇಟಿಗೆ ಅವಕಾಶ ಇದೆ, ನಾಳೆ ಬರುತ್ತೇನೆ ಎಂದು ಹೆಡ್‌ಮಾಸ್ಟರಿಗೆ ಹೇಳಿದರು. ಹೋಗುವಾಗ ನನಗೆ ಹೇಳಿದರು, "ದಿನಾ ಹೇಗೆ ಮಾಡ್ತಾರೋ ಹಾಗೇ ಮಾಡೋಕೆ ಹೇಳಿ ಸಾರ್."

ಟೀಚರು ಜಗಲಿಯಲ್ಲಿ ನಿಂತಿದ್ದರು. ವಿಷಯ ತಿಳಿಸಿದೆ.

"ತುಳು ಮಾತಾಡಿದ್ರೆ ಭಾಷೆಯ ಮಟ್ಟ ಹೋಗ್ತದಲ್ಲ ಅಣ್ಣ."

"ಹೋಗ್ತದೆ ಟೀಚರ್. ಮಕ್ಕಳು ನಿಮ್ಮೊಟ್ಟಿಗೆ ಬರ್ತಾರಲ್ಲ."

ಮರುದಿನ ಅವರು ತೊಂಡೆಕಾಯಿ ಎತ್ತಿದ್ದೇ ತಡ, ಮನೋಳಿ ಎಂದು ಇಡೀ ತರಗತಿ ಕೂಗಿತು. ಯಾರ ಮನೆಯ ಚಪ್ಪರದಲ್ಲಿ ಉಂಟು, ಯಾರಿಗೆ ಪಲ್ಯ ಸೇರುವುದಿಲ್ಲ, ಎಲ್ಲ ತುಳುವಿನಲ್ಲಿ ಬಂತು. ಮಧ್ಯೆ ಮಧ್ಯೆ ಟೀಚರು ಕನ್ನಡ ಸೇರಿಸುತ್ತಾ ಹೋದರು, ಕೊನೆಗೆ ಬರೀ ಕನ್ನಡವೇ ಉಳಿಯಿತು. ತುಳುವಿನ ಹೊತ್ತಿನಲ್ಲಿ ಏನೂ ತಿಳಿಯದೆ ಕೂತಿದ್ದ ಯುವಕ ಮುಂದಿನ ಸಾಲಿಗೆ ಹೋಗಿ ನಿನ್ನೆಯ ಹುಡುಗಿಯ ಹತ್ತಿರ, ಮನೋಳಿ ಅಂದರೆ ಏನು ಎಂದು ಕೇಳಿದರು. ಅವಳು ಅವರ ಮುಖ ನೋಡಿ, ಪಾಪ ಅನಿಸಿತೋ ಏನೋ, ಬಿಡಿಸಿ ಬಿಡಿಸಿ ಹೇಳಿಕೊಟ್ಟಳು.

"ಮನೋಳಿ. ಕನ್ನಡದಲ್ಲಿ ತೊಂಡೆಕಾಯಿ. ಈಗ ನೀವು ಹೇಳಿ."

ಅವರು ಹೇಳಿದರು.

ಭಾಗವಹಿಸುವಿಕೆಗೆ ನಾಲ್ಕು ಬಂತು. ಉಳಿದ ಸಾಲುಗಳೂ ಮೇಲೇರಿದವು. ಭಾಷೆಯ ಸಾಲಿನಲ್ಲಿ ಮಾತ್ರ ಎರಡು ಬರೆದೆವು. ಚೌಕದಲ್ಲಿ ಇದ್ದದ್ದೇ ಹಾಗೆ, ನಮ್ಮಿಷ್ಟಕ್ಕೆ ಓದಿದರೆ ಮತ್ತೆ ಸಂಚಾಲಕರ ಮಾತಿಗೂ ಹಾಳೆಗೂ ವ್ಯತ್ಯಾಸ ಇರುವುದಿಲ್ಲ. ಆ ಚೌಕವನ್ನು ತಿದ್ದಬೇಕು ಎಂದು ಯುವಕ ಕೆಳಗೆ ಷರಾ ಬರೆದು, ಸರಾಸರಿ ತೆಗೆದರು. ಎರಡು ದಾಟಿತ್ತು.

ಜೂನ್‌ನಲ್ಲಿ ಶಾಲೆ ಶುರುವಾಗಿ ಕೆಲವು ದಿನಕ್ಕೆ ಟೀಚರ ಸ್ಕೂಟರಿನ ಹಿಂದಿನ ಟಯರ್ ಪಂಕ್ಚರಾಗಿ ನನ್ನ ಅಂಗಡಿಗೆ ತಳ್ಳಿಕೊಂಡು ಬಂದರು. ಶಾಲೆಗೆ ಹೊತ್ತಾಗುತ್ತದೆ, ಬೇಗ ಮಾಡಿ ಎಂದರು. ನಾನು ಟಯರ್ ಬಿಚ್ಚುವಾಗ ಪಕ್ಕದಲ್ಲಿ ನಿಂತು ಕೇಳಿದರು.

"ಭಾಷೆಗೆ ಎರಡೇ ಕೊಟ್ಟಿರಲ್ಲ ಅಣ್ಣ?"

"ನಡೆದದ್ದು ಅಷ್ಟೇ ಅಲ್ವಾ ಟೀಚರ್."

ಅವರು ನಕ್ಕರು. ಆಮೇಲೆ ಗಡಿಯಾರ ನೋಡಿಕೊಂಡು, ಹೊಸ ಮಕ್ಕಳು ಇನ್ನೂ ಅಳುತ್ತಾರೆ, ಗಂಟೆಗೆ ಮೊದಲು ನಾನು ಅಲ್ಲಿರಬೇಕು ಎಂದರು.