ಅಪ್ಪನ ಹೊಲಕ್ಕೆ ನಾನು ಬರೆದ ನಕ್ಷೆ

ಗಜೇಂದ್ರಗಡದ ಗುಡ್ಡ ಹತ್ತಿ ಕಾಲಕಾಲೇಶ್ವರನಿಗೆ ಕೈಮುಗಿಯುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೆಲ್ಲ ಶರಣು. ನಮ್ಮಪ್ಪನ ಮಾತು ಹೋದದ್ದು ದೀಪಾವಳಿ ಪಾಡ್ಯದ ಮರುದಿನ ಬೆಳಿಗ್ಗೆ. ಅದಕ್ಕೆ ನಾನೇ ಕಾರಣ ಎಂದು ನಂಬಿದ್ದೆ, ಆ ನಂಬಿಕೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಇದನ್ನೆಲ್ಲ ಬರೆಯುವ ಮನಸ್ಸು ನನಗಿರಲಿಲ್ಲ. ಅವ್ವ ಬೆನ್ನು ಬಿಡಲಿಲ್ಲ. "ಬೇಡಿಕೊಂಡಾಕಿ ನೀನು, ಬರಿಯಾಕೂ ನೀನ ಬೇಕು" ಅಂದಳು.

ನನ್ನ ಹೆಸರು ಶಿವಲೀಲಾ, ಊರು ರೋಣ ತಾಲೂಕಿನ ಜಕ್ಕಲಿ. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ರಿಯಲ್ ಎಸ್ಟೇಟ್ ಡೆವಲಪ್‌ಮೆಂಟ್ ಎಂಬ ವಿಷಯದಲ್ಲಿ ಪದವಿ ಓದುತ್ತಿದ್ದೇನೆ. ಇದು ಕೊನೆಯ ವರ್ಷ. ಹೆಸರು ಕೇಳಿದವರೆಲ್ಲ ನಗುತ್ತಾರೆ. "ಪ್ಲಾಟ್ ಮಾರಾಕ ಡಿಗ್ರಿ ಯಾಕ ಬೇಕವಾ? ನಮ್ಮೂರಾಗ ಏಳನೇತ್ತ ಫೇಲಾದವ್ರ ಮಾರಾಕ ಹತ್ಯಾರ" ಎಂದು ನನ್ನ ಸೋದರಮಾವನೇ ಕಾಲೆಳೆದಿದ್ದ. ನಾವು ಕಲಿಯುವುದು ನೆಲದ ಕಾನೂನು, ರಸ್ತೆ, ಚರಂಡಿ, ಊರು ಯಾವ ದಿಕ್ಕಿಗೆ ಬೆಳೆಯುತ್ತದೆ, ಎಲ್ಲಿ ಮನೆ ಕಟ್ಟಿದರೆ ಮಳೆನೀರು ಒಳಗೆ ನುಗ್ಗುತ್ತದೆ, ಇಂಥವು. ಇಷ್ಟನ್ನೂ ಅಪ್ಪನಿಗೆ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. ಅವನು ಕಟ್ಟೆಯ ಮೇಲೆ ಕುಳಿತು "ನನ್ನ ಮಗಳು ಹೊಲಾ ಅಳಿಯೂದು ಕಲ್ಯಾಕ ಹತ್ಯಾಳ" ಎಂದು ಹೇಳಿಕೊಂಡು ತನ್ನ ಪಾಡಿಗೆ ತಾನು ಹಿಗ್ಗುತ್ತಿದ್ದ.

ಕೊನೆಯ ವರ್ಷ ಒಂದು ನಿಜವಾದ ಜಮೀನು ಆರಿಸಿಕೊಂಡು, ಅಲ್ಲಿ ಬಡಾವಣೆ ಹೇಗೆ ಮಾಡಬಹುದೆಂದು ನಕ್ಷೆ ಬರೆದು ಒಪ್ಪಿಸಬೇಕು. ಉಳಿದವರು ಹುಬ್ಬಳ್ಳಿ ಬೈಪಾಸಿನ ಜಮೀನು ಹಿಡಿದರು. ನಾನು ನಮ್ಮದೇ ಎರೆ ಹೊಲ ತೆಗೆದುಕೊಂಡೆ. ಹಳೆಯ ಸರ್ವೆ ನಕ್ಷೆಯ ಪ್ರತಿ ಮನೆಯಲ್ಲೇ ಇತ್ತು. ಮಡಿಕೆ ಬಿದ್ದು ಒಂದು ಮೂಲೆ ಸವೆದುಹೋಗಿತ್ತು, ಅಲ್ಲಿ ಅಂದಾಜಿನ ಮೇಲೆ ಗೆರೆ ಎಳೆದೆ. ಯಾರ ಅಪ್ಪಣೆಯೂ ಬೇಕಿಲ್ಲ ಅಂದುಕೊಂಡಿದ್ದೆ.

ಹಬ್ಬಕ್ಕೆ ಬಂದಾಗ ಬಣ್ಣ ತುಂಬಿದ ಆ ದೊಡ್ಡ ಹಾಳೆಯನ್ನು ಪಡಸಾಲೆಯ ಗೋಡೆಗೆ ಅಂಟಿಸಿದೆ. ನಡುವೆ ರಸ್ತೆ, ಎರಡೂ ಕಡೆ ನಂಬರು ಹಾಕಿದ ಪ್ಲಾಟುಗಳು, ಮೇಲೆ ಊರ ಹೆಸರು. ಮನೆಗೆ ಬಂದ ಯಾರೋ ಅದರ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರು. ಪಾಡ್ಯದ ಸಂಜೆ ಹೊತ್ತಿಗೆ ಅಪ್ಪ ಹೊಲ ಮಾರುತ್ತಿದ್ದಾನೆಂದು ಊರೆಲ್ಲ ಸುದ್ದಿ. ಹಿರಿಯರೊಬ್ಬರು ಮನೆಗೇ ಬಂದು, "ಮೂಲಿ ಪ್ಲಾಟ್ ನಮಗ ಇಡ್ರಿ" ಅಂದರು. ಅಪ್ಪ ಅವರಿಗೆ ಚಹಾ ಕುಡಿಸಿ ಕಳಿಸಿದ. ಆಮೇಲೆ ನಕ್ಷೆಯ ಮುಂದೆ ನಿಂತ.

"ನನ್ನ ಒಂದ ಮಾತು ಕೇಳಬೇಕು ಅನ್ನಿಸಲಿಲ್ಲೇನ ನಿನಗ?"

"ಬರೇ ಕಾಗದಪ್ಪಾ ಅದು. ಕಾಗದದ ಮ್ಯಾಲೆ ಗೆರಿ ಹೊಡಿಯಾಕೂ ನಿನ್ನ ಕೇಳಬೇಕೇನು?"

ಅಪ್ಪ ಒಳಗೆ ಹೋದ. ಬೆಳಿಗ್ಗೆ ಮುಖ ತೊಳೆಯುವಾಗ ಕೈಯಿಂದ ತಂಬಿಗೆ ಬಿತ್ತು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ನಮ್ಮ ಬದುವಿಗೆ ಹೊಂದಿ ಹೊಲ ಇರುವ ಇಮಾಮಸಾಬ ಕಾಕಾ ತನ್ನ ಟಂಟಂ ಆಟೊದಲ್ಲಿ ಹಾಕಿಕೊಂಡು ಗದಗಿನ ದವಾಖಾನೆಗೆ ಓಡಿಸಿದ.

"ಲಕ್ವಾ ಹೊಡದೈತ್ರಿ. ಜೀವಕ್ಕ ಭಯಾ ಇಲ್ಲ. ಬಲಗೈ, ಬಲಗಾಲು ನಿಧಾನಕ ಬರ್ತಾವ. ಮಾತಿಂದು ಮಾತ್ರ ಹೇಳಾಕ ಆಗಂಗಿಲ್ಲ" ಅಂದರು ಡಾಕ್ಟರು. ನಾವು ಹೇಳಿದ್ದೆಲ್ಲ ಅಪ್ಪನಿಗೆ ತಿಳಿಯುತ್ತಿತ್ತು, ತಿರುಗಿ ಹೇಳಲು ಶಬ್ದ ಸಿಗುತ್ತಿರಲಿಲ್ಲ.

ಅವ್ವ ಅತ್ತಳು, ಮಾವ ಅತ್ತ, ಇಮಾಮಸಾಬ ಕಾಕಾ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ನನಗೆ ಅಳು ಬರಲಿಲ್ಲ. ದವಾಖಾನೆಯ ಕಾರಿಡಾರಿನಲ್ಲಿ ಕುಳಿತು, ಎರಡು ಸ್ಟ್ರೆಚರ್ ಎದುರುಬದುರು ಬಂದರೆ ಈ ಅಗಲ ಸಾಲದಲ್ಲ ಎಂದು ಯೋಚಿಸಿದ್ದು ನೆನಪಿದೆ. ನನ್ನ ಬಗ್ಗೆ ನನಗೇ ಹೇಸಿಗೆ ಆಗಬೇಕಿತ್ತು. ಅದೂ ಆಗಲಿಲ್ಲ.

ಸೋಮವಾರ ಸೋಮವಾರ ಗುಡ್ಡ ಹತ್ತು ಎಂದು ಅವ್ವ ಹೇಳಿದಳು, ಹತ್ತಿದೆ. ನರೇಗಲ್ ಮೇಲೆ ಗಜೇಂದ್ರಗಡದ ಬಸ್ಸು, ಅಲ್ಲಿಂದ ಆಟೊ, ಆಮೇಲೆ ಮೆಟ್ಟಿಲು. "ಅಪ್ಪ ನನಗ ಒಂದ ಮಾತು ಆಡ್ಲಿ, ಬೈದರೂ ಚಲೋನ" ಎಂದು ಬೇಡಿದೆ. ಬಾಯಿ ಬೇಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ಗುಡಿಯಲ್ಲಿ ಕಣ್ಣೀರು ಸುರಿಸಿದೆ ಎಂದು ಬರೆದರೆ ದೇವರ ಹೆಸರಿನಲ್ಲಿ ಸುಳ್ಳು ಬರೆದಂತೆ. ಹೂ ಕೊಟ್ಟೆ, ತೀರ್ಥ ತೆಗೆದುಕೊಂಡೆ, ಇಳಿದೆ.

ನಡುವೆ ಒಮ್ಮೆ ಹುಬ್ಬಳ್ಳಿಗೆ ಹೋದೆ. ನರಗುಂದದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಬುತ್ತಿ ಬಿಚ್ಚಿ ತಿಂದೆ, ರೊಟ್ಟಿಯ ಜೊತೆ ಏನಿತ್ತೆಂದು ಕೈ ತೊಳೆದ ಮೇಲೆ ನೆನಪಾಗಲಿಲ್ಲ. ಕಾಲೇಜಿನಲ್ಲಿ ಮೇಡಮ್ಮರಿಗೆ ಈ ಜಮೀನು ಬೇಡ, ಬೇರೆ ಯಾವುದಾದರೂ ಕೊಡಿ ಅಂದೆ. "ಈಗ ಬದಲಿಸಿದರೆ ನಿನ್ನ ವರ್ಷ ಹೋಗುತ್ತದೆ. ಅಳತೆ ಇನ್ನೊಮ್ಮೆ ನೋಡಿಕೊಂಡು ಬಾ" ಅಂದರು. ಹೋದರೆ ಹೋಗಲಿ ಎಂದು ಚೀಲ ಕಟ್ಟಿಕೊಂಡು ಊರಿಗೆ ಬಂದುಬಿಟ್ಟೆ. ಮನೆಯಲ್ಲಿ ಅವ್ವ ಅಪ್ಪನ ಮುಂದೆ ಕುಳಿತು "ನೀರು ಅನ್ರಿ, ನೀರು" ಅನ್ನುತ್ತಿದ್ದಳು. ಅಪ್ಪ ಬಾಯಿ ತೆರೆದು ಮುಚ್ಚುತ್ತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ. ನಾನೇ ಅವನ ಕಣ್ಣಿಗೆ ಬೀಳದೆ ಓಡಾಡುತ್ತಿದ್ದೆನೋ ಏನೋ.

ಎರಡು ತಿಂಗಳಿಗೆ ಎಳ್ಳ ಅಮಾವಾಸ್ಯೆ ಬಂತು. ಆ ದಿನ ನಮ್ಮಲ್ಲಿ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಕಡುಬು, ಹೋಳಿಗೆ, ಪುಂಡಿಪಲ್ಯ ಎಲ್ಲ ಕಲಸಿ ಬುಟ್ಟಿಯಲ್ಲಿ ಹೊತ್ತು, ಹೊಲದ ಬದು ಹಿಡಿದು ಸುತ್ತ ಚೆಲ್ಲುತ್ತಾ ಬರಬೇಕು. ಮುಂದಿನವರು "ಹುಲ್ಲುಲ್ಲಿಗ್ಯೋ" ಎಂದು ಕೂಗಿದರೆ, ಹಿಂದೆ ನೀರು ಹಾಕುತ್ತಾ ಬರುವವರು "ಚಲ್ಲಾಂಬ್ರಿಗ್ಯೋ" ಎಂದು ಉತ್ತರ ಕೊಡುತ್ತಾರೆ. ಊರಿಗೊಂದು ರೀತಿ ಇದೆ, ನಮ್ಮ ಮನೆಯದು ಹೀಗೆ. ಇದು ಗಂಡಸರ ಕೆಲಸ. ಅವ್ವ ಮಾತ್ರ, "ಗಂಡಸೂರು ಇಲ್ಲಂತ ಹೊಲಾ ಉಪಾಸ ಇರಬೇಕೇನು? ನೀನ ನಡಿ" ಎಂದು ಬುಟ್ಟಿಯನ್ನು ನನ್ನ ಕಂಕುಳಿಗೆ ಕೊಟ್ಟಳು. ಅಪ್ಪನನ್ನು ಟಂಟಂನಲ್ಲಿ ಕರೆತಂದು ಬೇವಿನ ಗಿಡದ ಕೆಳಗೆ ಖುರ್ಚಿಯಲ್ಲಿ ಕೂರಿಸಿದ್ದೆವು. ನೀರಿನ ಕೊಡ ಇಮಾಮಸಾಬ ಕಾಕಾ ಹಿಡಿದ. "ಗಂಟ್ಲಾ ಕಟ್ಟೇತವಾ. ಕೂಗೂದು ಆಗಂಗಿಲ್ಲ, ನೀರಷ್ಟ ಹಾಕ್ತೀನಿ" ಅಂದ.

ಮೊದಲ ಮೂಲೆಯಲ್ಲಿ ಕೂಗಿದೆ. ಉತ್ತರ ಇಲ್ಲ. ನಾಚಿಕೆಯಾಗಿ ತಲೆ ತಗ್ಗಿಸಿ ನಡೆದೆ. ಎರಡನೆಯ ಸಲ ಕೂಗಿದಾಗ ಗಿಡದ ಕಡೆಯಿಂದ ಒಡಕು ದನಿ ಬಂತು.

"ಚಲ್ಲಾಂಬ್ರಿಗ್ಯೋ..."

ಯಾರೋ ದಾರಿಹೋಕರು ಅಂದುಕೊಂಡೆ. ತಿರುಗಿದರೆ ಕಾಕಾನ ಕೊಡದಿಂದ ನೀರು ಸುಮ್ಮನೆ ಅವನ ಕಾಲ ಮೇಲೆ ಸುರಿಯುತ್ತಿತ್ತು. "ಶಿವಲೀಲಾ, ನಿಮ್ಮಪ್ಪ ಅಂದ! ಇನ್ನೊಮ್ಮಿ ಕೂಗ, ಲಗೂ ಕೂಗ!" ಅಂದ. ಕೂಗಿದೆ. ಅಪ್ಪ ಉತ್ತರ ಕೊಟ್ಟ. ಮತ್ತೆ ಕೂಗಿದೆ, ಮತ್ತೆ ಕೊಟ್ಟ. ಅವ್ವ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಆಗಲೂ ನನಗೆ ಏನೂ ಆಗಲಿಲ್ಲ. ಸುತ್ತು ನಡುವೆ ನಿಲ್ಲಿಸಬಾರದು ಎಂಬುದೊಂದೇ ತಲೆಯಲ್ಲಿತ್ತು.

ಮೂರನೆಯ ಮೂಲೆಯಲ್ಲಿ ಸಣ್ಣ ತಗ್ಗು ಇದೆ. ಅಂದಾಜಿನ ಗೆರೆ ಎಳೆದ ನನ್ನ ನಕ್ಷೆಯಲ್ಲಿ ಹೊಲ ಅಲ್ಲಿಗೇ ಮುಗಿಯುತ್ತಿತ್ತು. ಕಾಲು ತಾನಾಗಿ ಹೊರಳಿತು. ಹಿಂದಿನಿಂದ ಅಪ್ಪ ಗಟ್ಟಿಯಾಗಿ ಒದರಿದ.

"ಏ ಹುಚ್ಚೀ! ಕಲ್ಲ... ಕಲ್ಲ!"

ಎಡಗೈ ಎತ್ತಿ ತಗ್ಗಿನ ಆಚೆ ತೋರಿಸುತ್ತಿದ್ದ. ದಾಟಿ ಹೋಗಿ ಜೋಳದ ದಂಟು ಸರಿಸಿದರೆ ಗಡಿಕಲ್ಲು ಇತ್ತು. "ಅಲ್ಲಿತನಾ ನಿಮ್ದವಾ. ನಿಮ್ಮಪ್ಪ ವರ್ಷಾ ಅಲ್ಲಿಗಿ ಹೋಗಿ ಚೆಲ್ತಾನ" ಅಂದ ಕಾಕಾ. ಕಲ್ಲಿನ ಮೇಲೆ ಚರಗ ಇಟ್ಟೆ. ಅಲ್ಲೇ ಕುಳಿತು ಅತ್ತೆ. ಎರಡು ತಿಂಗಳು ಬರದಿದ್ದ ಅಳು ಅವತ್ತು ನಿಲ್ಲಿಸಿದರೂ ನಿಲ್ಲಲಿಲ್ಲ. ಅಪ್ಪ ನನಗೆ ಬೈದಿದ್ದ.

ವರ್ಷಗಟ್ಟಲೆ ರೂಢಿಯಾದ ಕೂಗು, ಬೈಗುಳ ಇಂಥ ರೋಗಿಗಳಲ್ಲಿ ಒಮ್ಮೊಮ್ಮೆ ಮೊದಲು ಹೊರಗೆ ಬರುತ್ತವಂತೆ, ಡಾಕ್ಟರು ಆಮೇಲೆ ಹೇಳಿದರು. ಇರಬಹುದು. ಅವರು ಕಲಿತದ್ದು ಅವರು ಹೇಳಿದರು. ನಾನು ಬೇಡಿದ್ದು ಯಾರ ಹತ್ತಿರ ಎಂದು ನನಗೆ ಗೊತ್ತು. ಮನಸ್ಸಿಲ್ಲದೆ ಬೇಡಿದವಳಿಗೂ ಅವನು ಕಿವಿ ಕೊಟ್ಟ. ಕಲ್ಲಾದ ಎದೆಯಿಂದ ಗುಡಿಗೆ ಹೋಗಿ ಬರುವವರು ನಿಮ್ಮಲ್ಲೂ ಇದ್ದರೆ, ಹೋಗುವುದು ಬಿಡಬೇಡಿ.

ಮೂಲೆ ತಿದ್ದಿ ನಕ್ಷೆಯನ್ನು ಹೊಸದಾಗಿ ಬರೆದೆ. ಅಪ್ಪನ ಮುಂದೆ ಹರವಿ, "ಅಪ್ಪಾ, ಕಾಲೇಜಿಗೆ ಕೊಡ್ಲೇನು?" ಎಂದು ಕೇಳಿದೆ. ತಿದ್ದಿದ ಮೂಲೆಯ ಮೇಲೆ ಎಡಗೈ ಬೆರಳಿಟ್ಟು, ಆಗಲಿ ಎಂಬಂತೆ ತಲೆಯಾಡಿಸಿದ. ಕೊಟ್ಟು ಬಂದೆ.

ಈಗ ಅಪ್ಪನಿಗೆ ಹತ್ತೋ ಹನ್ನೆರಡೋ ಮಾತು ಬರುತ್ತವೆ. ನೀರು, ರೊಟ್ಟಿ, ಸಾಕು, ಇಮಾಮ. ಶಿವಲೀಲಾ ಎಂಬುದು ಇನ್ನೂ ನಾಲಗೆಗೆ ಹೊರಳುವುದಿಲ್ಲ. ಬೆಳಿಗ್ಗೆ ಎದ್ದವನೇ ಪಡಸಾಲೆಯಿಂದ "ಹುಚ್ಚೀ" ಎಂದು ಕರೆಯುತ್ತಾನೆ. ನಾನು ಓ ಅನ್ನುತ್ತೇನೆ.